ಓದಿನ ನಡುವೆ ಉಳಿದದ್ದು

ಬ್ರಹ್ಮಾವರ
6 ಜನವರಿ 2025

ಉಮಾವತಿ ಮೇಡಂ ಅವರಿಗೆ ಚಂದನಾಳ ನಮಸ್ಕಾರ.

ನೀವು ಮುಂಬೈ ರೈಲು ಹತ್ತುವಾಗ ಹೇಳಿದಂತೆ ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ. "ನಂಗೆ ಡಾಕ್ಟ್ರ್ ಮಾತಾಡ್ಬೇಡಿ ಅಂದ್ರ್, ನಿಂಗೆ ಫೋನ್ ಕಂಡ್ರೆ ಮಾತೇ ಬತ್ತಿಲ್ಲೆ. ಇಬ್ರಿಗೂ ಕಾಗ್ದವೇ ಸೈ" ಎಂದು ನಕ್ಕಿರಿ. ಸ್ವರ ಒಡೆದಿದ್ದರೂ ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಇಂದು ಇಂಟರ್ನ್‌ಶಿಪ್ ಶುರುವಾಯಿತು. ಪದವಿ ತರಗತಿಯ ಆರು ಮಕ್ಕಳು ಬಂದಿದ್ದಾರೆ. ನನ್ನ ಗಮನ ಹೋದದ್ದು ಇಬ್ಬರ ಮೇಲೆ. ಬಸ್ರೂರಿನ ರಮಿತಾ ಬಂದ ಕೂಡಲೇ ಕಂಪ್ಯೂಟರ್ ಎಲ್ಲಿದೆ ಎಂದು ಕೇಳಿದಳು. ಮರವಂತೆಯ ರತನ್ ಬಾಗಿಲ ಹತ್ತಿರವೇ ನಿಂತಿದ್ದ, ಒಳಗೆ ಬಾ ಎಂದು ಯಾರಾದರೂ ಹೇಳಲಿ ಎಂಬಂತೆ. ನಾನು ಈ ಕಾಲೇಜು ಗ್ರಂಥಾಲಯಕ್ಕೆ ತಾತ್ಕಾಲಿಕ ಕೆಲಸಕ್ಕೆ ಬಂದ ಮೊದಲ ದಿನ ನಿಂತದ್ದೂ ಅಲ್ಲೇ. ನೀವು ಒಳಗಿನಿಂದ ಕೂಗಿದ್ದಿರಿ.

ಮುಖ್ಯ ಗ್ರಂಥಪಾಲಕರು "ಆರು ಜನ ಬಂದ್ರಲ್ಲ, ಮೇಲಿನ ಮಹಡಿ ಧೂಳು ಹೊಡೆಸಿಬಿಡಿ" ಎಂದರು. ನಾನು ನಿಮ್ಮ ಯೋಜನೆಯ ಹಾಳೆಯನ್ನು ಅವರ ಮುಂದಿಟ್ಟೆ. "ಇವರು ಕಲಿಯಲು ಬಂದವರು, ಕೆಲಸ ಮಾಡಿಸಿಕೊಳ್ಳಲು ಕರೆದವರಲ್ಲ" ಎಂಬ ನಿಮ್ಮ ಮೊದಲ ಸಾಲನ್ನು ಓದಿ ಅವರು ಕನ್ನಡಕ ತೆಗೆದರು. ಈ ಸಲ ಕಣ್ಣಿಗೆ ಕಾಣುವಂಥದ್ದು ಏನಾದರೂ ಆಗದಿದ್ದರೆ ಧ್ವನಿಕೋಣೆ ಬೇರೆ ಕೆಲಸಕ್ಕೆ ಹೋಗುತ್ತದಂತೆ.

ಮಕ್ಕಳಿಗೆ ನಾನು ಹೀಗೆ ಹೇಳಿದೆ (ಬರೆದುಕೊಂಡು ಹೋಗಿ ಓದಿದೆ): ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಉಮಾವತಿ ಮೇಡಂ ಹದಿನೆಂಟು ವರ್ಷ ಈ ಧ್ವನಿಕೋಣೆಯಲ್ಲಿ ಕುಳಿತು ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿದ್ದಾರೆ. ಹಳೆಯ ಮೈಕಿನ ಆ ಓದಿನಲ್ಲಿ ಫ್ಯಾನಿನ ಸದ್ದು, ರಸ್ತೆಯ ಬಸ್ಸಿನ ಹಾರ್ನ್ ಎಲ್ಲ ಸೇರಿಕೊಂಡಿದೆ. ಹೊಸ ಮೈಕು ಬಂದಿದೆ. ಪಠ್ಯ ಬದಲಾಗುತ್ತ ಹೋಗಿ ಈಗ ಉಳಿದಿರುವುದು ಕೆಲವೇ ಪುಸ್ತಕ. ನೀವು ಅವುಗಳನ್ನು ಹೊಸದಾಗಿ ಓದಬೇಕು.

ಒಂದು ಅನುಮಾನ. ಹೊಸ ಓದಿಗೆ ಒಪ್ಪಿಗೆ ಸಿಕ್ಕ ಮೇಲೆ ಹಳೆಯದನ್ನು ಅಳಿಸುವುದು ಎಂದು ಯೋಜನೆಯಲ್ಲಿ ಬರೆದಿದ್ದೀರಿ. ನಿಜವಾಗಿಯೂ ಅಳಿಸುವುದೇ?

ಗಂಟಲು ಹೇಗಿದೆ?

ನಿಮ್ಮ ಚಂದನಾ

—

ಡೊಂಬಿವಲಿ
14 ಜನವರಿ 2025

ಚಂದನಾ,

ನಿನ್ನ ಕಾಗದವನ್ನು ಗುಣವತಿಯಕ್ಕ ತಾನೇ ಮೊದಲು ಒಡೆದು ಓದಿ ಆಮೇಲೆ ನನಗೆ ಕೊಟ್ಟಳು. "ಲವ್ ಲೆಟ್ರ್ ಏನಾರೂ ಇಕ್ಕಾ ಅಂತ್ ಕಂಡೆ" ಎಂದಳು. ಐವತ್ತಾರು ವರ್ಷದ ತಂಗಿಗೆ! ಮೂವತ್ತು ವರ್ಷ ಮುಂಬೈಯಲ್ಲಿದ್ದರೂ ಬಾಯಿ ಮಾತ್ರ ಗಂಗೊಳ್ಳಿಯದೇ.

ಮೊದಲ ವಾರ ಮಕ್ಕಳಿಗೆ ಯಾವ ಕೆಲಸವನ್ನೂ ಕೊಡಬೇಡ. ಕಪಾಟುಗಳ ನಡುವೆ ಅಲೆಯಲಿ. ಬೇಕೆಂದೇ ತಪ್ಪು ಜಾಗದಲ್ಲಿ ಇಟ್ಟ ಒಂದು ಪುಸ್ತಕವನ್ನು ಹುಡುಕಲು ಹೇಳು. ಸಿಗದಿದ್ದರೆ ಸಿಟ್ಟು ಬರಬೇಕು, ಆಗಲೇ ಅವರು ಗ್ರಂಥಾಲಯದವರಾಗುವುದು. ತಪ್ಪು ಮಾಡಲು ಬಿಡು. ಆದರೆ ನೀನು ಪಕ್ಕದಲ್ಲೇ ಇರು, ದೂರದ ಮೇಜಿನಲ್ಲಿ ಕುಳಿತು ನೋಡಬೇಡ. ನಿನಗೆ ದೂರದಿಂದ ನೋಡುವ ಅಭ್ಯಾಸ ಹೆಚ್ಚು.

ಬಾಗಿಲಲ್ಲಿ ನಿಂತ ಆ ಹುಡುಗನನ್ನು ಓದಿಸು. ಬೇಡ ಎಂದರೂ ಓದಿಸು. ನನ್ನ ತಾಯಿ, ನಾವು ಕರೆಯುವಂತೆ ಅಬ್ಬಿ, ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಕೂಗಿಕೊಂಡು ಹೋಗುತ್ತಿದ್ದವಳು. ಅವಳ ಸ್ವರ ನನಗೆ ಬಂತು. ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು ಎಂದಾಗ ಕೇರಿಯವರೆಲ್ಲ ನಕ್ಕಿದ್ದರು, ಇವಳು ಅಲ್ಲಿ ಬಾಯಿ ಮುಚ್ಚಿಕೊಂಡು ಹೇಗೆ ಕೂರುತ್ತಾಳೆ ಎಂದು. ನನಗೂ ಗೊತ್ತಿರಲಿಲ್ಲ. ಆ ಸ್ವರವನ್ನು ಎಲ್ಲಿಡುವುದು ಎಂದು ತಿಳಿಯದೆ ಧ್ವನಿಕೋಣೆ ಶುರುಮಾಡಿದ್ದು.

ಹಳೆಯದನ್ನು ಅಳಿಸುವುದೇ. ಅನುಮಾನ ಬೇಡ. ಒಂದೇ ಪುಸ್ತಕಕ್ಕೆ ಎರಡು ಓದು ಇದ್ದರೆ ಮಕ್ಕಳಿಗೆ ಪರೀಕ್ಷೆ ಹೊತ್ತಿಗೆ ಗೊಂದಲ. ಕಂಪ್ಯೂಟರಿನಿಂದ ತೆಗೆದ ಮೇಲೆ ಕಪಾಟಿನ ಡಿಸ್ಕಿನಿಂದಲೂ ತೆಗೆ. ಅರ್ಧ ತೆಗೆದದ್ದು ಧೂಳಿನ ಹಾಗೆ ಮತ್ತೆ ಬಂದು ಕೂರುತ್ತದೆ. ನನ್ನ ಓದು ಎಂದು ಮುಲಾಜು ಬೇಡ.

ಗಂಟಲಿನಲ್ಲಿ ಸಣ್ಣ ಗಂಟೊಂದಿದೆ. ಪರೀಕ್ಷೆ ಮಾಡುತ್ತಿದ್ದಾರೆ. ಚಿಂತೆ ಮಾಡುವಂಥದ್ದೇನಲ್ಲ.

ಉಮಾವತಿ

—

ಬ್ರಹ್ಮಾವರ
27 ಜನವರಿ 2025

ಮೇಡಂ,

ನಿಮ್ಮ ಕಾಗದ ತಲುಪಿ ವಾರವಾಯಿತು. ಉತ್ತರಕ್ಕೆ ತಡವಾದದ್ದು ಕೆಲಸದಿಂದ, ಮರೆವಿನಿಂದಲ್ಲ.

ಈಗ ದೂರದ ಮೇಜಿನಲ್ಲಿ ಕೂರುತ್ತಿಲ್ಲ. ಧ್ವನಿಕೋಣೆಯಲ್ಲೇ, ಮೂಲೆಯ ಸ್ಟೂಲಿನ ಮೇಲೆ ಕೂರುತ್ತೇನೆ. ರತನ್ ಮೊದಲ ದಿನ ಮೈಕಿನ ಮುಂದೆ ಕುಳಿತು ಬೆವರಿದ. "ನಂದ್ ಭಾಷಿ ಸಮ ಇಲ್ಲೆ ಮೇಡಂ, ರಮಿತನ ಹತ್ರ ಓದ್ಸಿ" ಎಂದ. ನಾನು ನೀವು ಹೇಳಿದ ಮೀನಿನ ಬುಟ್ಟಿಯ ಕಥೆ ಹೇಳಿದೆ. "ನನ್ ಅಬ್ಬಿಯೂ ಮೀನಿಗ್ ಹೋತ್ರ್" ಎಂದ. ಆಮೇಲೆ ಇಡೀ ಅಧ್ಯಾಯ ಓದಿದ. ಅವಸರವಿಲ್ಲದ ಓದು. ದೋಣಿ ದಡಕ್ಕೆ ತರುವವರ ಹಾಗೆ ಸಾಲಿನ ಕೊನೆಗೆ ಬಂದು ನಿಲ್ಲುತ್ತಾನೆ.

ರಮಿತಾ ಸದ್ದು ಕತ್ತರಿಸುವುದರಲ್ಲಿ ಗಟ್ಟಿಗಿತ್ತಿ. ಅಭ್ಯಾಸಕ್ಕೆಂದು ನಿಮ್ಮ ಹಳೆಯ ಓದನ್ನೇ ತೆಗೆದುಕೊಂಡು ನಡುವಿನ ಬೇಡದ್ದನ್ನೆಲ್ಲ ತನ್ನ ಲ್ಯಾಪ್‌ಟಾಪಿನಲ್ಲಿ ತುಂಡು ತುಂಡು ಮಾಡಿದಳು. ಆ ಹೊತ್ತು ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆಂದು ನಿಮಗೆ ಬರೆಯುವುದಿಲ್ಲ. ನನಗೆ ಸಾಧ್ಯವಾದಷ್ಟು ಬೈದಿದ್ದೇನೆ.

ಬಿ.ಎ. ಕೊನೆಯ ವರ್ಷದ ಸುಜನ್ ಮೊನ್ನೆ ಬಂದಿದ್ದ. ಕಣ್ಣು ಕಾಣದ ಹುಡುಗರಲ್ಲಿ ದಿನವೂ ಧ್ವನಿಕೋಣೆಗೆ ಬರುವವನು ಅವನೊಬ್ಬನೇ. ಕೋಲನ್ನು ಯಾವಾಗಿನಂತೆ ನಿಮ್ಮ ಕುರ್ಚಿಗೆ ಒರಗಿಸಿಟ್ಟ. ನೀವು ಎಂದು ಬರುತ್ತೀರಿ ಎಂದು ಕೇಳಿದ. ಗೊತ್ತಿಲ್ಲ ಎನ್ನಲು ಮನಸ್ಸಾಗದೆ "ಬತ್ರ್" ಎಂದೆ.

ಎಂದು ಬರುತ್ತೀರಿ?

ಚಂದನಾ

—

ಡೊಂಬಿವಲಿ
5 ಫೆಬ್ರವರಿ 2025

ಚಂದನಾ,

ಸಣ್ಣದೊಂದು ಶಸ್ತ್ರಚಿಕಿತ್ಸೆ ಮಾಡಬೇಕಂತೆ, ಈ ತಿಂಗಳ ಕೊನೆಯಲ್ಲಿ. ಆಮೇಲೆ ಸ್ವಲ್ಪ ಕಾಲ ಮಾತು ಇರುವುದಿಲ್ಲ. ಅಕ್ಕನಿಗೆ ಒಳ್ಳೆಯದಾಯಿತು, ಇಬ್ಬರ ಪಾಲಿನದನ್ನೂ ಅವಳೇ ಮಾತಾಡಬಹುದು.

ಆಸ್ಪತ್ರೆಯಲ್ಲಿ ಸರದಿ ಕಾಯುವುದೇ ಒಂದು ಉದ್ಯೋಗ. ನನ್ನ ಪಕ್ಕ ಒಬ್ಬ ಹೆಂಗಸು ಕೂರುತ್ತಾಳೆ. ಅವಳ ಗಂಟಲಿನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರಂತೆ. ಆಮೇಲೆ ಸ್ವರವೇ ಇಲ್ಲ. ಅವಳ ಮಗ ಮದುವೆಯ ವಿಡಿಯೋ, ಮುಂಜಿಯ ವಿಡಿಯೋ ಎಲ್ಲ ಹುಡುಕಿ ತರುತ್ತಿದ್ದಾನೆ. ಅವಳು ಮಾತಾಡಿದ್ದು ಸಾಕಷ್ಟು ಸಿಕ್ಕಿದರೆ ಈಗ ಫೋನಿಗೇ ಆ ಸ್ವರ ಕಲಿಸುತ್ತಾರಂತೆ. ಇವಳು ಟೈಪ್ ಮಾಡಿದರೆ ಫೋನು ಇವಳ ಸ್ವರದಲ್ಲಿ ಮಾತಾಡುತ್ತದಂತೆ. ಕಾಲ ಎಲ್ಲಿಗೆ ಬಂತು ನೋಡು.

ರತನ್‌ಗೆ ಇನ್ನೊಂದು ಪುಸ್ತಕ ಕೊಡು. ಈ ಸಲ ಇತಿಹಾಸ ಬೇಡ, ಅದರಲ್ಲಿ ಹೆಸರುಗಳು ಜಾಸ್ತಿ. ಮಕ್ಕಳ ಹಾಜರಿ ನೀನೇ ಬರೆ, ಅವರ ಕೈಗೆ ಕೊಡಬೇಡ.

ಹಳೆಯ ಧ್ವನಿಮುದ್ರಣಗಳ ವಿಷಯ ನೀನು ಬರೆಯಲಿಲ್ಲ. ಅದು ಎಲ್ಲಿಗೆ ಬಂತು? ಮುಂದಿನ ಕಾಗದದಲ್ಲಿ ತಿಳಿಸು.

ಉಮಾವತಿ

—

ಬ್ರಹ್ಮಾವರ
13 ಫೆಬ್ರವರಿ 2025

ಮೇಡಂ,

ಕ್ಷಮಿಸಿ. ನಿಮ್ಮ ಕಾಗದದ ಕೊನೆಯ ಸಾಲು ಓದಿ ತಲೆ ತಗ್ಗಿಸಿದೆ. ನೀವು ಅಷ್ಟು ಸ್ಪಷ್ಟವಾಗಿ ಹೇಳಿದ ಕೆಲಸವನ್ನು ನಾನು ಮುಂದೆ ತಳ್ಳುತ್ತ ಬಂದಿದ್ದೆ. ಹೊಸ ಓದಿಗೆ ಒಪ್ಪಿಗೆ ಸಿಕ್ಕಿ ಆಗಲೇ ಕೆಲವು ದಿನಗಳಾಗಿದ್ದವು. ಯಾಕೆ ತಡಮಾಡಿದೆ ಎಂದರೆ, ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲು ಹಾಕುವ ಮೊದಲು ನಿಮ್ಮ ಓದನ್ನು ಸ್ವಲ್ಪ ಕೇಳುತ್ತಿದ್ದೆ. ಇದು ಕೆಲಸದ ರೀತಿಯಲ್ಲ ಎಂದು ನನಗೂ ಗೊತ್ತು.

ಕಾಗದ ಬಂದ ದಿನವೇ ಮಾಡಿ ಮುಗಿಸಿದೆ. ನೀವು ಹೇಳಿಕೊಟ್ಟ ಹಾಗೆಯೇ. ಕಂಪ್ಯೂಟರಿನಿಂದ ತೆಗೆದೆ, ಕಪಾಟಿನ ಡಿಸ್ಕಿನಿಂದಲೂ ತೆಗೆದೆ, ಆ ಜಾಗಕ್ಕೆ ಮಕ್ಕಳ ಹೊಸ ಓದನ್ನು ತುಂಬಿಸಿದೆ. ಅರ್ಧ ಉಳಿಸಲಿಲ್ಲ. ಮುಖ್ಯ ಗ್ರಂಥಪಾಲಕರು ಬಂದು ರತನ್ ಓದಿದ್ದನ್ನು ಕೇಳಿ "ಇದು ಕೆಲಸ" ಎಂದರು. ಧ್ವನಿಕೋಣೆ ಉಳಿಯಿತು ಮೇಡಂ. ನಿಮಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೇನೆ.

ಸುಜನ್ ಹೊಸತನ್ನು ಬಹಳ ಹೊತ್ತು ಕೇಳಿದ. "ಚೆಂದ ಇತ್ತ್" ಎಂದ. ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತ. "ಉಮಾವತಿ ಮೇಡಂ ಓದುವಾಗ ಪುಟ ತಿರ್ಗಿಸುದ್ ಕೇಂತಿತ್ತ್. ಇನ್ನ್ ಎಷ್ಟ್ ಪುಟ ಇತ್ತ್ ಅಂತ್ ಅದ್ರಲ್ಲೇ ಗೊತ್ತಾತಿತ್ತ್. ಇದ್ರಲ್ಲಿ ಎಂತದೂ ಕೇಂತಿಲ್ಲೆ" ಎಂದ. ಶುದ್ಧವಾದ ಓದು ಎಂದರೆ ಹಾಗೆಯೇ ಎಂದು ವಿವರಿಸಿದೆ.

ನಿಮ್ಮ ಚಿಕಿತ್ಸೆ ಚೆನ್ನಾಗಿ ಆಗಲಿ. ಆ ಪಕ್ಕದ ಹೆಂಗಸಿಗೂ ಅವಳ ಸ್ವರ ಸಿಗಲಿ.

ಚಂದನಾ

—

ಡೊಂಬಿವಲಿ
20 ಫೆಬ್ರವರಿ 2025

ಚಂದನಾ,

ಸರಿಯಾಗಿಯೇ ಮಾಡಿದ್ದೀ. ನಿಯಮ ಬರೆದವಳು ನಾನೇ.

ಮಕ್ಕಳ ವರದಿ ನೀನೇ ತಿದ್ದಿ ಕೊಡು. ಪ್ರಮಾಣಪತ್ರದಲ್ಲಿ ರತನ್ ಹೆಸರಿನ ಮುಂದೆ ‘ಓದುಗ’ ಎಂದು ಬರೆಸು.

ಉಮಾವತಿ

—

ಬ್ರಹ್ಮಾವರ
20 ಮಾರ್ಚ್ 2025

ಮೇಡಂ,

ನಿಮ್ಮ ಕೊನೆಯ ಕಾಗದದ ನಂತರ ನಾನು ಎರಡು ಸಲ ಬರೆದೆ. ಉತ್ತರ ಬರಲಿಲ್ಲ. ಚಿಕಿತ್ಸೆಯ ಆಯಾಸವಿರಬಹುದು ಎಂದು ಸುಮ್ಮನಿದ್ದೆ. ಈಗ ಬೇರೆಯೇ ಯೋಚನೆಗಳು ಬರುತ್ತಿವೆ.

ನಾನು ಎಲ್ಲೋ ತಪ್ಪು ಮಾಡಿದ್ದೇನೆ, ನೀವು ಹೇಳುತ್ತಿಲ್ಲ. ತಡಮಾಡಿದ್ದಕ್ಕೆ ಸಿಟ್ಟೇ? ಸಂಜೆ ಹೊತ್ತು ಕೂತು ಕೇಳುತ್ತಿದ್ದೆ ಎಂದು ಬರೆದದ್ದು ನಿಮಗೆ ಇಷ್ಟವಾಗಲಿಲ್ಲವೇ? ಅಥವಾ ಧ್ವನಿಕೋಣೆ ನೀವಿಲ್ಲದೆಯೂ ನಡೆಯಿತು ಎಂದು ನಾನು ಮೆರೆದಂತೆ ಕಂಡಿತೇ? ನಿಮ್ಮ ಕಾಗದ ಅಷ್ಟು ಚಿಕ್ಕದಾಗಿತ್ತು. ಎದುರಿಗಿದ್ದಿದ್ದರೆ ನೀವು ಜೋರಾಗಿ ಬೈದು, ಆಮೇಲೆ ಚಾ ತರಿಸುತ್ತಿದ್ದಿರಿ. ಕಾಗದದಲ್ಲಿ ಬೈಗುಳವೂ ಇಲ್ಲ, ಚಾವೂ ಇಲ್ಲ.

ಇಂಟರ್ನ್‌ಶಿಪ್ ಮುಗಿಯಿತು. ಪ್ರಮಾಣಪತ್ರ ಕೊಡುವ ದಿನ ರತನ್ ತನ್ನ ತಾಯಿಯನ್ನು ಕರೆತಂದಿದ್ದ. ಕಮಲ ಎಂದು ಅವರ ಹೆಸರು. ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದರೆ "ಮೀನ್ ವಾಸ್ನಿ ಬತ್ತ್, ಬ್ಯಾಡ" ಎಂದರು. ರಮಿತಾ ಅವರ ಕೈ ಹಿಡಿದು ಎಳೆದುಕೊಂಡು ಬಂದು ನಿಮ್ಮ ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದಳು. ಮಗನ ಓದು ಕೇಳಿ ಅವರು ಗಟ್ಟಿಯಾಗಿ, ಇಡೀ ಗ್ರಂಥಾಲಯಕ್ಕೆ ಕೇಳುವಂತೆ, "ಇದ್ ನಮ್ ರತನ್ನಾ?" ಎಂದು ಕೂಗಿದರು. ನನಗೆ ಒಂದು ಕ್ಷಣ ನೀವೇ ಬಂದ ಹಾಗಾಯಿತು.

ಒಂದು ಸಾಲಾದರೂ ಬರೆಯಿರಿ.

ಚಂದನಾ

—

ಬ್ರಹ್ಮಾವರ
3 ಏಪ್ರಿಲ್ 2025

ಮೇಡಂ,

ಹೇಗೆ ಶುರುಮಾಡಲಿ ಎಂದು ತಿಳಿಯುತ್ತಿಲ್ಲ.

ಹೋದ ವಾರದ ಸೋಮವಾರ ಗುಣವತಿಯಕ್ಕ ಫೋನ್ ಮಾಡಿದ್ದರು. ನಿಮಗೆ ಹೇಳದೆ ಮಾಡಿದ್ದಂತೆ. ನನ್ನ ಕಾಗದದ ಹಿಂದೆ ಬರೆದ ನಂಬರು ನೋಡಿ.

"ಚಂದನಾ ಅಂದ್ರೆ ನೀನೇ ಅಲ್ದಾ ಹೆಣೆ? ಉಮಾವತಿ ಸ್ವರ ಇಪ್ಪುದ್ ಎಂತದೋ ನಿಮ್ಮಲ್ ಇತ್ತಂಬ್ರ್, ಹೌದಾ? ಒಂಚೂರ್ ಕಳ್ಸಿ ಕೊಡ್ ಮಾರಾಯ್ತಿ. ಇಲ್ಲಿ ಆಸ್ಪತ್ರಿಲಿ ಮಾತ್ ಕಲ್ಸು ಹುಡ್ಗಿ ದಿನಾ ಕೇಂತ್. ಇವ್ಳ್ ಕಂಡ್ರೆ ಕೈ ಆಡ್ಸಿ ಇಲ್ಲೆ ಇಲ್ಲೆ ಅಂತ್ಳ್."

ನಾನು "ಮೇಡಂ ಮಾತಾಡುದಿಲ್ಯಾ?" ಎಂದೆ.

"ಎಂತ ಮಾತಾಡುದ್? ಗಂಟ್ಲೇ ತೆಗ್ದಿರಲೆ! ನಿಂಗೆ ಹೇಳ್ಲಿಲ್ಯಾ ಅವ್ಳ್?"

ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ ಎಂದು ನೀವು ನಗುತ್ತಿದ್ದಿರಿ. ಆ ದಿನ ಬಂದಿದ್ದರೂ ಏನು ಹೇಳುತ್ತಿದ್ದೆ?

ಸರದಿಯಲ್ಲಿ ನಿಮ್ಮ ಪಕ್ಕ ಯಾವ ಹೆಂಗಸೂ ಇರಲಿಲ್ಲ, ಅಲ್ಲವೇ? ಆ ಕಾಗದವನ್ನು ಮತ್ತೆ ತೆಗೆದು ಓದಿದೆ. ನಿಮ್ಮ ಕೊನೆಯ ಸಾಲನ್ನು ಜ್ಞಾಪನೆ ಎಂದು ತಿಳಿದೆ. ಮೇಲಧಿಕಾರಿ ಕೇಳಿದ್ದಾರೆ, ಬೇಗ ಮುಗಿಸಬೇಕು ಎಂದು ಮಾತ್ರ ನನ್ನ ತಲೆಗೆ ಹೋಯಿತು. ಸಾಹಿತ್ಯ ಓದಿದವಳು ನಾನು. ನಾಲ್ಕು ಸಾಲಿನ ಕವಿತೆಗೆ ನಾಲ್ಕು ಪುಟ ಬರೆದು ಅಂಕ ತೆಗೆದವಳು.

ಕಂಪ್ಯೂಟರ್ ವಿಭಾಗದ ಅಕ್ಷಯ್ ಎರಡು ದಿನ ಡಿಸ್ಕಿನ ಜೊತೆ ಕುಳಿತ. ಅದರ ಮೇಲೆ ಹೊಸ ಓದು ತುಂಬಿದ್ದರಿಂದ ಹಳೆಯದು ಬರುವುದಿಲ್ಲ ಎಂದ. ಹಿಂದಿನ ವಿದ್ಯಾರ್ಥಿಗಳನ್ನೂ ವಿಚಾರಿಸಿದೆ. ಪ್ರಕಾಶಕರ ಅನುಮತಿ ಇಲ್ಲದ್ದರಿಂದ ನೀವು ಯಾರಿಗೂ ಪ್ರತಿ ಮಾಡಿಕೊಳ್ಳಲು ಬಿಟ್ಟಿರಲಿಲ್ಲ. ಎಲ್ಲರೂ ಇಲ್ಲೇ ಕುಳಿತು ಕೇಳಿದವರು. ಸುಜನ್‌ಗೆ ವಿಷಯ ಹೇಳಿದೆ. ಅವನು ಕೋಲು ತೆಗೆದುಕೊಂಡು ಹೋದ. ಮರುದಿನ ಬಂದು "ನಂಗೆ ಪಾಠ ನೆನ್ಪಿತ್ತ್. ಅವ್ರ್ ಓದಿದ್ ಹಾಂಗೇ ನೆನ್ಪಿತ್ತ್. ಆರೆ ಅದನ್ ಹೊರ್ಗೆ ತೆಗು ಮಿಷಿನ್ ಇಲ್ಯಲೆ" ಎಂದ.

ಆಮೇಲೆ ರಮಿತಾ ಬಂದಳು. ಜನವರಿಯಲ್ಲಿ ಮಕ್ಕಳು ನಕ್ಕಿದ್ದನ್ನು ನಿಮಗೆ ಯಾಕೆಂದು ಬರೆಯಲಿಲ್ಲ. ಈಗ ಬರೆಯುತ್ತೇನೆ. ನಿಮ್ಮ ಓದಿನಿಂದ ಅವಳು ಕತ್ತರಿಸಿ ತೆಗೆದ ತುಣುಕುಗಳಲ್ಲಿ ಕೆಮ್ಮು, ಹಾರ್ನ್ ಮಾತ್ರ ಇರಲಿಲ್ಲ, ನಡುನಡುವೆ ನೀವು ಆಡಿದ ಮಾತೂ ಇತ್ತು. ಅದನ್ನೆಲ್ಲ ಒಟ್ಟಿಗೆ ಅಂಟಿಸಿ ಮಕ್ಕಳಿಗೆ ಕೇಳಿಸಿದ್ದಳು. ತೆಗೆದುಹಾಕು ಎಂದು ಬೈದಿದ್ದೆ. ತೆಗೆದೆ ಎಂದಿದ್ದಳು. ಓದನ್ನು ತೆಗೆದು, ತುಣುಕುಗಳನ್ನು ಮಾತ್ರ ಇಟ್ಟುಕೊಂಡಿದ್ದಳು. "ಸುಳ್ ಹೇಳಿದ್ದೆ ಮೇಡಂ. ನಂಗೆ ಬೇಜಾರ್ ಆದಾಗ ಕೇಂತಿದ್ದೆ" ಎಂದು ಅತ್ತಳು. ನಾನೂ.

ಸಿಕ್ಕಿದ್ದು ಇಷ್ಟು. ನಮ್ಮ ಅಟೆಂಡರ್ ಸೋಮಣ್ಣನಿಗೆ ನೀವು ಹೇಳುವುದು: "ಹ್ವಾಯ್ ಸೋಮಣ್ಣ, ಫ್ಯಾನ್ ಬಂದ್ ಮಾಡಿ ಮಾರಾಯ್ರೆ, ಹೆಲಿಕಾಪ್ಟರ್ ಬಂದಂಗ್ ಆತ್ತ್." ಉದ್ದದ ವಾಕ್ಯವೊಂದನ್ನು ಓದಿ: "ಇದ್ ಬರ್ದವ್ರಿಗೆ ಉಸ್ರ್ ಕಟ್ಟುದಿಲ್ಯಾ?" ಇನ್ನೊಂದು: "ಆ ಬಾಗ್ಲ್ ಹಾಕಿ ಕಾಂಬ. ಕುಂದಾಪ್ರ ಬಸ್ ಪೂರಾ ಪುಸ್ತಕದೊಳ್ಗೇ ಬತ್ತ್." ಇತಿಹಾಸದ ಪುಸ್ತಕದ ನಡುವೆ: "ಎಂತ? ಚಾ ಬಂತಾ? ತಡಿ, ಈ ರಾಜ ಒಂದ್ ಸಾಯ್ಲಿ, ಬತ್ತೆ." ಇಂಥವೇ ಇನ್ನು ಕೆಲವು. ಒಂದು ನಗು. ಒಂದು ಆಕಳಿಕೆ.

ಪೆನ್‌ಡ್ರೈವ್‌ನಲ್ಲಿ ಹಾಕಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಫೋನಿಗೆ ಸ್ವರ ಕಲಿಸಲು ಇದು ಸಾಕಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಕ್ಷಮಿಸಿ ಎಂಬ ಪದ ಇಲ್ಲಿ ಬಹಳ ಚಿಕ್ಕದು. ಆದರೂ ಬರೆದಿದ್ದೇನೆ.

ಚಂದನಾ

—

ಡೊಂಬಿವಲಿ
21 ಏಪ್ರಿಲ್ 2025

ಚಂದನಾ,

ಸಾಕಾಗಲಿಲ್ಲ.

ಮೊದಲು ಇದನ್ನು ಹೇಳಿಬಿಡುತ್ತೇನೆ, ನೀನು ಕಾಗದದ ಕೊನೆಯವರೆಗೆ ಆಸೆ ಇಟ್ಟುಕೊಂಡು ಓದಬಾರದು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಎಲ್ಲವನ್ನೂ ಕೇಳಿದಳು. ಒಂದೇ ಸಮನೆ ಗಂಟೆಗಟ್ಟಲೆ ಓದಿದ್ದು ಇರಬೇಕಂತೆ. ಇದರಲ್ಲಿ ಕೂಗುವುದು, ನಗುವುದು, ಹಿಂದೆ ಬಸ್ಸು. ಯಂತ್ರಕ್ಕೆ ಇದು ಹಿಡಿಯುವುದಿಲ್ಲ ಎಂದಳು. ಪಾಪ, ಅವಳೇ ಅಳುವಂತಿದ್ದಳು.

ಎರಡನೆಯದು. ಅಳಿಸಿದೆ ಎಂದು ನೀನು ಬರೆದ ದಿನ ನನಗೆ ಸಿಟ್ಟು ಬಂತು. ನಿನ್ನ ಮೇಲೆಯೇ. ಇಲ್ಲ ಎಂದರೆ ಸುಳ್ಳಾಗುತ್ತದೆ. ಅಕ್ಕನ ಅಡಿಗೆಮನೆಯಲ್ಲಿ ಒಂದು ಲೋಟ ಒಡೆದೆ. ಆಗ ಇನ್ನೂ ಯಂತ್ರಕ್ಕೆ ಆಗದಿದ್ದರೂ ಬೈಯುವಷ್ಟು ಒಡಕು ಸ್ವರ ಇತ್ತು, ಆದರೂ ಬೈಯಲಿಲ್ಲ, ಲೋಟ ಒಡೆದೆ. ಹಳೆಯ ಧ್ವನಿಮುದ್ರಣ ಎಲ್ಲಿಗೆ ಬಂತು ಎಂದು ಕೇಳಿದ ಆ ಸಾಲನ್ನು ನಾನು ಮೊದಲು ‘ಅಳಿಸಬೇಡ’ ಎಂದೇ ಬರೆದಿದ್ದೆ. ಹರಿದು ಹಾಕಿದೆ. ಮುಲಾಜು ಬೇಡ ಎಂದು ಗತ್ತಿನಿಂದ ಬರೆದವಳು, ತನ್ನ ಸ್ವರದ ಮಾತು ಬಂದಾಗ ನಿಯಮ ಮುರಿಯುತ್ತಾಳೆ ಎಂದು ನೀನು ಅಂದುಕೊಳ್ಳುತ್ತೀ ಎಂದು ನಾಚಿಕೆಯಾಯಿತು. ಕೊನೆಗೆ ಕಚೇರಿಯ ಸಾಲೊಂದನ್ನು ಬರೆದೆ. ನೀನು ಕಚೇರಿಯವಳ ಹಾಗೆ ಉತ್ತರ ಕೊಟ್ಟೆ. ಇದರಲ್ಲಿ ನಿನ್ನ ಪಾಲು ಎಷ್ಟು, ನನ್ನದೆಷ್ಟು ಎಂದು ಲೆಕ್ಕ ಹಾಕುತ್ತ ಕೂರಬೇಡ. ನಾನು ಕೂತು ನೋಡಿದ್ದೇನೆ, ಪ್ರಯೋಜನವಿಲ್ಲ.

ಹದಿನೆಂಟು ವರ್ಷ ಓದಿದ್ದು ಹೋಯಿತು. ಓದುವ ನಡುವೆ ಬೈದದ್ದು ಉಳಿಯಿತು.

ಓದುವಾಗ ನಾನು ಬಹಳ ಎಚ್ಚರದಿಂದ ಓದುತ್ತಿದ್ದೆ ಚಂದನಾ. ಒಂದು ಅಕ್ಷರವೂ ಗಂಗೊಳ್ಳಿಯದ್ದು ಎಂದು ಯಾರೂ ಹೇಳಬಾರದು, ಹಾಗೆ. ಆ ತುಣುಕುಗಳನ್ನು ಕೇಳಿದ ಮೇಲೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು "ಇದ್ ಅಬ್ಬಿಯೇ" ಎಂದಳು. ಫೋನಿಗೆ ಕಲಿಸಿದ್ದರೆ ಅದು ನನ್ನ ಓದುವ ಸ್ವರದಲ್ಲಿ ಮಾತಾಡುತ್ತಿತ್ತೇನೋ. ಅಕ್ಕನಿಗೆ ಆ ಸ್ವರದ ಪರಿಚಯವೇ ಇಲ್ಲ. ಇದು ಸಮಾಧಾನಕ್ಕೆ ಹೇಳಿಕೊಳ್ಳುವ ಮಾತು, ನನಗೆ ಗೊತ್ತು. ನನಗೆ ಎರಡೂ ಬೇಕಿತ್ತು.

ಪಕ್ಕದ ಮನೆಯ ಹುಡುಗಿ ದಿವ್ಯಾ ಆ ತುಣುಕುಗಳನ್ನು ನನ್ನ ಫೋನಿನಲ್ಲಿ ಹಾಕಿ, ಒಂದೊಂದಕ್ಕೆ ಒಂದೊಂದು ಗುಂಡಿ ಮಾಡಿಕೊಟ್ಟಿದ್ದಾಳೆ. ಒತ್ತಿದರೆ ಕೂಗುತ್ತದೆ. ಸೆಕೆ ಕಡಿಮೆಯಾದಾಗ ಸೋಮಣ್ಣನದನ್ನು ಒತ್ತುತ್ತೇನೆ, ಅಕ್ಕ ಎದ್ದು ಫ್ಯಾನ್ ಬಂದ್ ಮಾಡುತ್ತಾಳೆ. ಅವಳ ಫೋನ್ ಮಾತು ಮುಗಿಯದಿದ್ದಾಗ ಉಸಿರು ಕಟ್ಟುವುದನ್ನು ಒತ್ತುತ್ತೇನೆ. ಉಳಿದದ್ದನ್ನೆಲ್ಲ ಸ್ಲೇಟಿನಲ್ಲಿ ಬರೆಯುತ್ತೇನೆ. ಹಸಿವು ಎನ್ನಲು ನನ್ನ ಹತ್ತಿರ ತುಣುಕಿಲ್ಲ. ನೋವು ಎನ್ನಲೂ ಇಲ್ಲ.

ಮುಂದಿನ ಸಲದ ಯೋಜನೆಯಲ್ಲಿ ಒಂದು ಸಾಲು ಸೇರಿಸು. ಹಳೆಯದನ್ನು ಅಳಿಸುವ ಮೊದಲು ಅದನ್ನು ಕೇಳುತ್ತಿದ್ದವರ ಒಪ್ಪಿಗೆ ಪಡೆಯಬೇಕು. ಸುಜನ್‌ನನ್ನು ಅಂದು ನೀನೂ ಕೇಳಲಿಲ್ಲ, ನಾನೂ ಕೇಳಿರಲಿಲ್ಲ.

ಊರಿಗೆ ಬರುವ ವಿಷಯ ಡಾಕ್ಟರು ಏನೂ ಹೇಳುತ್ತಿಲ್ಲ.

ರಮಿತಾಳಿಗೆ ಹೇಳು, ಸುಳ್ಳು ಹೇಳಿದ್ದು ಒಳ್ಳೆಯದಾಯಿತು ಎಂದು.

ಉಮಾವತಿ

—

ಬ್ರಹ್ಮಾವರ
12 ಮೇ 2025

ಮೇಡಂ,

ಮೊನ್ನೆಯದನ್ನು ನಿಮಗೆ ಬರೆದು ತಿಳಿಸುವ ಅಗತ್ಯವಿಲ್ಲ, ಆ ಕಡೆಯಲ್ಲಿ ಇದ್ದವರು ನೀವೇ. ಆದರೆ ಈ ಕಡೆ ಏನಾಯಿತು ಎಂದು ನಿಮಗೆ ಕಾಣಲಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ರಜೆಯಾದರೂ ರತನ್ ಬರುತ್ತಿದ್ದಾನೆ. ಮಳೆಗಾಲದ ಕಡಲು ಏಳುವ ಮೊದಲು, ದೋಣಿ ಕೆಲಸ ಇಲ್ಲದ ದಿನಗಳಲ್ಲಿ, ಸುಜನ್‌ಗೆ ಬೇಕಾದ ಪುಸ್ತಕ ಓದುತ್ತಾನೆ. ಈಗ ಮೈಕನ್ನು ಪುಟದ ಹತ್ತಿರ ಇಡುತ್ತೇವೆ. ಪುಟ ತಿರುಗಿಸುವ ಸದ್ದನ್ನು ರಮಿತಾ ಕತ್ತರಿಸುವುದಿಲ್ಲ.

ನಿಮ್ಮ ಹೆಸರು ಫೋನಿನ ಮೇಲೆ ಕಂಡಾಗ ನಾನು ಯಾವಾಗಿನಂತೆ ಸುಮ್ಮನೆ ನೋಡುತ್ತ ಕೂತೆ. ರತನ್ "ಮೇಡಂ, ಎತ್ತಿ" ಎಂದ. ಎತ್ತಿದೆ. ಆ ಕಡೆ ಏನೂ ಇಲ್ಲ. ದೂರದಲ್ಲಿ ಕುಕ್ಕರ್ ಸೀಟಿ. ನಾನು ಹಲೋ ಎನ್ನಲಿಲ್ಲ.

ಆಮೇಲೆ ನೀವು ಕೂಗಿದಿರಿ. "ಆ ಬಾಗ್ಲ್ ಹಾಕಿ ಕಾಂಬ. ಕುಂದಾಪ್ರ ಬಸ್ ಪೂರಾ ಪುಸ್ತಕದೊಳ್ಗೇ ಬತ್ತ್."

ಧ್ವನಿಕೋಣೆಯ ಬಾಗಿಲು ನಿಜವಾಗಿಯೂ ತೆರೆದೇ ಇತ್ತು. ರಸ್ತೆಯಲ್ಲಿ ಬಸ್ಸೂ ಹೋಗುತ್ತಿತ್ತು. ಹೊರಗೆ ಬೆಂಚಿನಲ್ಲಿದ್ದ ಸೋಮಣ್ಣ ತಟ್ಟನೆ ಎದ್ದು ನಿಂತರು. ಅವರಿಗೆ ಈ ಯಾವುದನ್ನೂ ಯಾರೂ ಹೇಳಿರಲಿಲ್ಲ. "ಮೇಡಂ ಬಂದ್ರಾ?" ಎಂದರು.

ನಾನು ಎದ್ದು ಹೋಗಿ ಬಾಗಿಲು ಹಾಕಿದೆ. ತಿರುಗಿ ಬಂದು, ಬಾಗಿಲಾಚೆಯ ಸೋಮಣ್ಣನಿಗೂ ಕೇಳುವಷ್ಟು ಜೋರಾಗಿ "ಹಾಕ್ದೆ ಮೇಡಂ" ಎಂದೆ. ಅಲ್ಲಿಂದ ಮುಂದೆ ಏನೇನು ಮಾತಾಡಿದೆನೋ ನನಗೇ ನೆನಪಿಲ್ಲ. ರತನ್ ಹೇಳುತ್ತಾನೆ, ನಾನು ಮುಂದಿನ ವರ್ಷದ ಇಂಟರ್ನ್‌ಗಳ ಬಗ್ಗೆ ಹೇಳಿದೆನಂತೆ, ಹೆಮ್ಮಾಡಿಯಲ್ಲಿ ನಮ್ಮ ಮನೆಯ ಮಾವಿನ ಬಗ್ಗೆ ಹೇಳಿದೆನಂತೆ, ನಡುವೆ ಅತ್ತೆನಂತೆ, ಅಳುತ್ತಲೇ ಹಾಜರಿ ಪುಸ್ತಕದ ವಿಷಯ ಹೇಳಿದೆನಂತೆ. ನನ್ನ ಬಾಯಿಂದ ಒಟ್ಟಿಗೆ ಅಷ್ಟು ಮಾತು ಅವನು ಕೇಳಿದ್ದು ಅದೇ ಮೊದಲಂತೆ. ನಾನು ಕೇಳಿದ್ದೂ.

ಕೊನೆಗೆ ನನ್ನ ಮಾತು ಮುಗಿಯಿತು. ನೀವು ಸ್ವಲ್ಪ ಹುಡುಕಿದಿರಿ ಅನ್ನಿಸುತ್ತದೆ. ಗುಂಡಿಗಳ ಮೇಲೆ ಬೆರಳಾಡುವ ಸದ್ದು ಕೇಳಿಸಿತು. ಆಮೇಲೆ ಅದೇ ನಗು ಬೆರೆತ ಸ್ವರ: "ತಡಿ, ಈ ರಾಜ ಒಂದ್ ಸಾಯ್ಲಿ, ಬತ್ತೆ."

ಫೋನ್ ನಿಂತಿತು.

ಹೊರಡುವಾಗ ಹೇಳಲು ನಿಮ್ಮ ಹತ್ತಿರ ಬೇರೆ ತುಣುಕಿಲ್ಲ ಎಂದು ನನಗೆ ಗೊತ್ತು. ಅದಕ್ಕೆ ನಾನು ಬೇರೆ ಅರ್ಥ ಹಚ್ಚುವುದಿಲ್ಲ. ಒಮ್ಮೆ ಹಚ್ಚಿ ಸಾಕಾಗಿದೆ.

ರತನ್ ಮತ್ತೆ ಓದಲು ಕೂತ. ಸೆಕೆಗೆ ಬಾಗಿಲು ತೆರೆಯಲೇ ಎಂದು ಕೇಳಿದ. ಬೇಡ ಎಂದೆ. ಸಂಜೆಯವರೆಗೂ ಅದನ್ನು ಹಾಗೇ ಹಾಕಿಟ್ಟೆವು.

ಚಂದನಾ